ಸ್ಟುಡಿಯೋಗೆ ತಲೆ, ಹೊಲಕ್ಕೆ ಕಾಲು

ಈ ತಿಂಗಳು ಬಂದ ಪತ್ರಗಳಲ್ಲಿ ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಟ್ರೈಪಾಡ್ ಬಗ್ಗೆ ಕೇಳಿದವೇ ಜಾಸ್ತಿ. ಕಲಬುರಗಿ ಕಡೆ ನಾವೆಲ್ಲ ಅದನ್ನು ಸ್ಟ್ಯಾಂಡ್ ಅಂತಲೇ ಕರೆಯುತ್ತೇವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಸ್ಟ್ಯಾಂಡಿಗೆ.

ಪ್ರಶ್ನೆ: ಅಣ್ಣಾ, ನಮಸ್ಕಾರ. ಆಳಂದದಲ್ಲಿ ಹೊಸದಾಗಿ ಸ್ಟುಡಿಯೋ ತೆಗೆದಿದ್ದೇನೆ. ಹತ್ತು ಅಡಿ ಅಗಲ, ಹದಿನಾಲ್ಕು ಅಡಿ ಉದ್ದದ ಒಂದೇ ರೂಮು. ಪಾಸ್‌ಪೋರ್ಟ್ ಫೋಟೋ, ಮಕ್ಕಳ ಫೋಟೋ, ಹಳೆ ಫೋಟೋ ಕಾಪಿ ಇಲ್ಲೇ ಮಾಡುತ್ತೇನೆ. ಮದುವೆ ಸೀಸನ್ನಿನಲ್ಲಿ ಹೊರಗಿನ ಕೆಲಸ. ಹುಡುಗ ಹುಡುಗಿಯನ್ನು ತೊಗರಿ ಹೊಲಕ್ಕೆ, ಕೆರೆ ದಂಡೆಗೆ ಕರೆದುಕೊಂಡು ಹೋಗಿ ತೆಗೆಯೋದೂ ಇದೆ. 24-70 ಮತ್ತು 70-200 ಎಂಎಂ ಲೆನ್ಸ್ ಇವೆ. ಸ್ಟ್ಯಾಂಡಿಗೆ ಅಂತ 15 ಸಾವಿರ ಎತ್ತಿಟ್ಟಿದ್ದೇನೆ. ಒಂದು ಅಂಗಡಿಯಲ್ಲಿ ಕಾರ್ಬನ್ ಫೈಬರಿನದೇ ತಗೊಳ್ಳಿ ಅಂದರು. ಇನ್ನೊಂದು ಕಡೆ ಇದು 10 ಕೆಜಿ ಹೊರುತ್ತೆ, ಇದೇ ಗಟ್ಟಿ ಅಂದರು. ಒಳಗೂ ಹೊರಗೂ ಒಂದೇ ಸ್ಟ್ಯಾಂಡ್ ಸಾಕಾಗುತ್ತಾ?

ಉತ್ತರ: ತಮ್ಮಾ, ಒಂದೇ ಸಾಕು. ಆದರೆ ಅದನ್ನು ಒಂದೇ ವಸ್ತು ಅಂದುಕೊಂಡು ಕೊಳ್ಳಬೇಡ. ಕೆಳಗಿನ ಕಾಲು ಬೇರೆ, ಮೇಲಿನ ತಲೆ ಬೇರೆ. ತಲೆ ಅಂದರೆ ಹೆಡ್, ಕ್ಯಾಮೆರಾ ಕೂರುವ ಭಾಗ. ಸ್ಟುಡಿಯೋದಲ್ಲಿ ತಲೆಯ ಕೆಲಸ ದೊಡ್ಡದು. ಹೊರಗೆ ಕಾಲಿನ ಕೆಲಸ ದೊಡ್ಡದು.

ಯಾಕೆ ಅಂದರೆ, ಸ್ಟುಡಿಯೋದಲ್ಲಿ ನೀನು ಫ್ಲ್ಯಾಶ್ ಹಾಕಿ ತೆಗೆಯುತ್ತೀಯ. ಫ್ಲ್ಯಾಶ್ ಬೆಳಗುವುದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು. ಅಷ್ಟರಲ್ಲಿ ಕ್ಯಾಮೆರಾ ಸ್ವಲ್ಪ ಅಲುಗಿದರೂ ಫೋಟೋದಲ್ಲಿ ಕಾಣುವುದಿಲ್ಲ. ಹಾಗಿದ್ದರೆ ಅಲ್ಲಿ ಸ್ಟ್ಯಾಂಡ್ ಯಾಕೆ ಬೇಕು? ಫ್ರೇಮ್ ಕದಲದೆ ಇರಲಿ ಅಂತ. ದಿನಕ್ಕೆ ಇಪ್ಪತ್ತು ಪಾಸ್‌ಪೋರ್ಟ್ ಫೋಟೋ ತೆಗೆದರೆ ಇಪ್ಪತ್ತರಲ್ಲೂ ಮುಖದ ಅಳತೆ ಒಂದೇ ಥರ ಬರಬೇಕು. ಮಗುವನ್ನು ಕೂರಿಸಿ, ತಾಯಿಯನ್ನು ಪಕ್ಕಕ್ಕೆ ನಿಲ್ಲಿಸಿ, ಗಿಲಕಿ ಆಡಿಸುತ್ತಾ ಬಟನ್ ಒತ್ತಬೇಕು. ಆಗ ಕ್ಯಾಮೆರಾ ತನ್ನ ಪಾಡಿಗೆ ನಿಂತಿರಬೇಕು. ಇದಕ್ಕೆಲ್ಲ ನಿಖರವಾಗಿ ತಿರುಗಿಸಿ ಬಿಗಿ ಮಾಡುವ ಹೆಡ್ ಬೇಕು. ಹೊರಗೆ ಸಂಜೆ ಬೆಳಕಿನಲ್ಲಿ ಶಟರ್ ಅರ್ಧ ಸೆಕೆಂಡಿಗೆ ಇಳಿಯುತ್ತೆ. ಗಾಳಿ ಇರುತ್ತೆ. ನೆಲ ಸಮ ಇರಲ್ಲ. ಅಲ್ಲಿ ಕಾಲು ಗಟ್ಟಿ ಇರಲಿಲ್ಲ ಅಂದರೆ ಎಂಥ ಹೆಡ್ ಇದ್ದರೂ ಪ್ರಯೋಜನ ಇಲ್ಲ.

ಹಳೆ ಫೋಟೋ ಕಾಪಿ ಮಾಡುತ್ತೇನೆ ಅಂದೆಯಲ್ಲ, ಅದರ ಬಗ್ಗೆ ನನ್ನದೊಂದು ಅನುಭವ ಹೇಳಬೇಕು. ನಾನು ಕೆಲಸ ಕಲಿತದ್ದು ಸೂಪರ್ ಮಾರ್ಕೆಟ್ ಹತ್ತಿರ ಮೊದಲನೇ ಮಹಡಿಯ ಒಂದು ಸ್ಟುಡಿಯೋದಲ್ಲಿ. ಅದು ಫಿಲ್ಮ್ ರೋಲಿನ ಕಾಲ. ಹಳ್ಳಿಯಿಂದ ಜನ ಹಿರಿಯರ ಹಳೆ ಫೋಟೋ ತರುತ್ತಿದ್ದರು. ಮಡಿಚಿದ್ದು, ಹರಿದದ್ದು, ಎಣ್ಣೆ ಹತ್ತಿದ್ದು. ಅದನ್ನು ಗೋಡೆಗೆ ಅಂಟಿಸಿ, ಎರಡು ಕಡೆ ಬಲ್ಬ್ ಹಾಕಿ, ಕಾಲು ಸೆಕೆಂಡ್ ಶಟರಿನಲ್ಲಿ ಕಾಪಿ ತೆಗೆದು, ದೊಡ್ಡದು ಮಾಡಿ ಫ್ರೇಮ್ ಹಾಕಿ ಕೊಡುತ್ತಿದ್ದೆವು. ಚಳಿಗಾಲದಲ್ಲಿ ಕಾಪಿ ಚೆನ್ನಾಗಿ ಬರುತ್ತಿತ್ತು. ಏಪ್ರಿಲ್ ಬಂತು ಅಂದರೆ ಮಸುಕು. ಮುಖದ ಗೆರೆಯೇ ಕಾಣದು. ನಾನು ಲೆನ್ಸ್ ಒರೆಸಿದೆ, ಫೋಕಸ್ ಮತ್ತೆ ಮತ್ತೆ ನೋಡಿದೆ, ಲ್ಯಾಬಿನವರನ್ನು ಕೇಳಿದೆ. ಕಾರಣ ಸಿಗಲಿಲ್ಲ. ಒಂದು ಮಧ್ಯಾಹ್ನ ನಮ್ಮ ಉಸ್ತಾದರು ಬಂದು, "ಕ್ಯಾಮೆರಾ ಮೇಲೆ ಬೆರಳಿಟ್ಟು ಸುಮ್ನೆ ನಿಂತ್ಕೋ" ಅಂದರು. ಬೆರಳಿಗೆ ಗೊತ್ತಾಯಿತು, ಸಣ್ಣಗೆ ನಡುಗುತ್ತಿದೆ. ಕಿಟಕಿಯಲ್ಲಿದ್ದ ಕೂಲರ್ ಓಡುತ್ತಿತ್ತು. ಅದರ ಕಬ್ಬಿಣದ ಸ್ಟ್ಯಾಂಡ್ ಒಂದು ಮರದ ಹಲಗೆಯ ಮೇಲಿತ್ತು. ನಮ್ಮ ಟ್ರೈಪಾಡಿನ ಒಂದು ಕಾಲೂ ಅದೇ ಹಲಗೆಯ ತುದಿಯ ಮೇಲಿತ್ತು. ಕಾಲನ್ನು ಶಹಾಬಾದ್ ಕಲ್ಲಿನ ಮೇಲೆ ಇಟ್ಟೆ, ಬಟನ್ ಒತ್ತುವ ಹತ್ತು ಸೆಕೆಂಡ್ ಕೂಲರ್ ನಿಲ್ಲಿಸಿದೆ. ಕಾಪಿ ಕನ್ನಡಿ ಥರ ಬಂತು.

ಆವತ್ತಿನಿಂದ ನಾನು ಮೊದಲು ನೆಲ ನೋಡುತ್ತೇನೆ, ಆಮೇಲೆ ಸ್ಟ್ಯಾಂಡ್. ನೀನೂ ಹಾಗೇ ಮಾಡು. ನಿನ್ನ ರೂಮಿನ ನೆಲ ಶಹಾಬಾದ್ ಕಲ್ಲಾದರೆ ಒಳ್ಳೆಯದು, ಅದು ಅಲ್ಲಾಡಲ್ಲ. ಪಾಲಿಶ್ ಮಾಡಿದ ಟೈಲ್ಸ್ ಆದರೆ ಕಾಲು ಜಾರುತ್ತೆ, ತಳದ ರಬ್ಬರ್ ಸವೆಯದೆ ಇರಬೇಕು. ಸ್ಟ್ಯಾಂಡ್ ಎಲ್ಲಿ ನಿಲ್ಲಬೇಕು ಅಂತ ಗೊತ್ತಾದ ಮೇಲೆ ಮೂರೂ ಕಾಲಿನ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿಬಿಡು. ದಿನಾ ಅಳತೆ ಹುಡುಕುವ ಕೆಲಸ ಉಳಿಯುತ್ತೆ.

ಹೊರಗಿನ ನೆಲ ಬೇರೆ ಕಥೆ. ನಮ್ಮ ಎರೆಮಣ್ಣು ನಿನಗೆ ಗೊತ್ತೇ ಇದೆ. ಮಳೆ ಬಿದ್ದ ಮೇಲೆ ಕಾಲು ನಿಧಾನಕ್ಕೆ ಒಳಗೆ ಇಳಿಯುತ್ತಾ ಹೋಗುತ್ತೆ. ಇಟ್ಟಾಗ ನೇರ ಇದ್ದ ಫ್ರೇಮ್ ಐದು ನಿಮಿಷಕ್ಕೆ ವಾಲಿರುತ್ತೆ. ಬೇಸಿಗೆಯಲ್ಲಿ ಅದೇ ಮಣ್ಣು ಬಾಯಿ ಬಿಡುತ್ತೆ, ಆ ಬಿರುಕಿನಲ್ಲಿ ಕಾಲು ಜಾರಿದರೆ ಕ್ಯಾಮೆರಾ ಮುಖ ಅಡಿಯಾಗಿ ಬೀಳುತ್ತೆ. ಹಸಿ ಎರೆಮಣ್ಣಿನಲ್ಲಿ ಮೊನಚು ಕಾಲು ಹಾಕಬೇಡ. ಅಂಗೈಯಗಲದ ಮೂರು ಹಲಗೆ ತುಂಡು ಬ್ಯಾಗಿನಲ್ಲಿ ಇಟ್ಟುಕೊ, ಪ್ರತಿ ಕಾಲಿನ ಕೆಳಗೆ ಒಂದು. ಗಟ್ಟಿ ಒಣ ನೆಲ, ಹುಲ್ಲು ಇದ್ದ ಕಡೆ ಮೊನಚು ಒಳ್ಳೆಯದು. ಬೀದರಿನ ಕೆಂಪು ಕಲ್ಲಿನ ಮೇಲೆ ರಬ್ಬರೇ ಸರಿ. ಅದಕ್ಕೆ ಎರಡೂ ಬದಲಾಯಿಸಲು ಬರುವಂಥ ಕಾಲು ತಗೋ.

ಈಗ ಅಂಗಡಿಯವರ ಮಾತಿಗೆ ಬರೋಣ. 10 ಕೆಜಿ ಹೊರುತ್ತೆ ಅನ್ನುವ ಅಂಕಿಯನ್ನು ನಂಬಿ ಕೊಳ್ಳಬೇಡ. ಇದನ್ನು ಅಳೆಯಲು ಎಲ್ಲ ಕಂಪನಿಗೂ ಒಂದೇ ಪದ್ಧತಿ ಇಲ್ಲ. ಹೊರುವುದು ಬೇರೆ, ಅಲುಗದೆ ನಿಲ್ಲುವುದು ಬೇರೆ. ಹಗ್ಗದ ಮಂಚವೂ ನೂರು ಕೆಜಿ ಹೊರುತ್ತೆ, ಆದರೆ ಅದು ತೂಗುತ್ತೆ ಅಲ್ವಾ? ನಿನ್ನ ಕ್ಯಾಮೆರಾ ಮತ್ತು 70-200 ಸೇರಿದರೆ ಎರಡು ಎರಡೂವರೆ ಕೆಜಿ. ಬರೆದ ಅಂಕಿ ಅದಕ್ಕಿಂತ ಮೂರು ಪಟ್ಟು ಇದ್ದರೆ ಸಾಕು. ಅಲ್ಲಿಗೆ ಅಂಕಿಯನ್ನು ಬಿಟ್ಟು ಕೊಳವೆ ನೋಡು.

ಕೊಳವೆಯ ದಪ್ಪದಲ್ಲೇ ಎಲ್ಲ ಇದೆ. ಕೊಳವೆಯ ಅಗಲ ಎರಡರಷ್ಟಾದರೆ ಅದರ ಗಟ್ಟಿತನ ಎರಡರಷ್ಟಲ್ಲ, ಸುಮಾರು ಎಂಟರಷ್ಟಾಗುತ್ತೆ. ಹಾಗಾಗಿ ನಾಲ್ಕೈದು ಮಿಲಿಮೀಟರ್ ವ್ಯತ್ಯಾಸವೂ ದೊಡ್ಡದೇ. ಮೂರು ಮಡಿಕೆಯ, ಅಂದರೆ ಒಂದರೊಳಗೊಂದು ಜಾರುವ ಮೂರು ಕೊಳವೆಯ ಕಾಲು ತಗೋ. ನಾಲ್ಕು, ಐದು ಮಡಿಕೆಯದು ಮಡಿಚಿದಾಗ ಚಿಕ್ಕದಾಗುತ್ತೆ, ನಿಜ. ಆದರೆ ಕೊನೆಯ ಮಡಿಕೆ ಬೆರಳು ಗಾತ್ರ ಇರುತ್ತೆ, ಇಡೀ ಭಾರ ಅದರ ಮೇಲೆ. ನೀನು ಬಸ್ಸಿನಲ್ಲಿ, ಬೈಕಿನಲ್ಲಿ ಹೋಗುವವನು. ಮೂರು ಮಡಿಕೆಯದನ್ನು ಹೆಗಲಿಗೆ ಹಾಕಿಕೊಂಡರೆ ಏನೂ ತೊಂದರೆ ಇಲ್ಲ.

ಕಾರ್ಬನ್ ಒಳ್ಳೆಯದೇ. ಹಗುರ, ನಡುಕ ಬೇಗ ಇಂಗುತ್ತೆ, ಮೇ ತಿಂಗಳ ಬಿಸಿಲಿನಲ್ಲಿ ಮುಟ್ಟಿದರೆ ಅಲ್ಯೂಮಿನಿಯಂ ಥರ ಕೈ ಸುಡಲ್ಲ. ಚಿಂಚೋಳಿ ಕಾಡಿನಲ್ಲಿ ಎತ್ತಿಪೋತ ಜಲಪಾತದ ಕಡೆ ನಡೆಯುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ 15 ಸಾವಿರದೊಳಗೆ ಹೆಡ್ ಸೇರಿಸಿ ಕಾರ್ಬನ್ ಬೇಕು ಅಂದರೆ ಸಾಮಾನ್ಯವಾಗಿ ತೆಳು ಕೊಳವೆ ಸಿಗುತ್ತೆ. ಅದೇ ದುಡ್ಡಿಗೆ ದಪ್ಪ ಅಲ್ಯೂಮಿನಿಯಂ ಬರುತ್ತೆ. ಇನ್ನೊಂದು ಮಾತು. ಅಲ್ಯೂಮಿನಿಯಂ ಪೆಟ್ಟು ಬಿದ್ದರೆ ತಗ್ಗಾಗುತ್ತೆ, ಕಾರ್ಬನ್ ಬಿರಿಯುತ್ತೆ. ಫಂಕ್ಷನ್ ಹಾಲಿನಲ್ಲಿ ಸ್ಟೀಲ್ ಕುರ್ಚಿಗಳ ನಡುವೆ ಒದೆ ತಿನ್ನುವ ಸ್ಟ್ಯಾಂಡ್ ಅಲ್ಯೂಮಿನಿಯಂ ಆಗಿರಲಿ.

ಎತ್ತರದ ಲೆಕ್ಕ ಹೀಗೆ ಹಾಕು. ನೀನು ಐದೂವರೆ ಅಡಿ ಇದ್ದರೆ ಕಣ್ಣು ನೆಲದಿಂದ ಸುಮಾರು 155 ಸೆಂ.ಮೀ. ಮೇಲಿರುತ್ತೆ. ಹೆಡ್ಡಿಗೆ 10, ಕ್ಯಾಮೆರಾ ತಳದಿಂದ ವ್ಯೂಫೈಂಡರ್‌ಗೆ ಇನ್ನೊಂದು 8–10 ಕಳೆ. ಕಾಲಿನ ಎತ್ತರ 135 ಇದ್ದರೆ ಬೇಕಾದಷ್ಟಾಯಿತು. ಈ ಎತ್ತರ ನಡುವಿನ ಕೋಲು ಎತ್ತದೆ ಸಿಗಬೇಕು. ನಡುಗೋಲು ಎತ್ತಿದರೆ ಮೂರು ಕಾಲಿನ ಮೇಲೆ ಒಂದು ಕಾಲಿನ ಸ್ಟ್ಯಾಂಡ್ ಇಟ್ಟ ಹಾಗೆ. ಡಬ್ಬದ ಮೇಲೆ ಬರೆಯುವ ಎತ್ತರ ಎಷ್ಟೋ ಸಲ ಆ ಕೋಲು ಪೂರ್ತಿ ಎತ್ತಿದ ಎತ್ತರ. ಕೇಳಿ ನೋಡು.

ಹೆಡ್ಡಿನಲ್ಲಿ ನಿನಗೆ ಕೊನೆಗೆ ಎರಡು ಬೇಕಾಗುತ್ತೆ, ಈಗಲೇ ಎರಡೂ ಬೇಡ. ಬಾಲ್ ಹೆಡ್ ಒಂದೇ ತಿರುಪಿನಲ್ಲಿ ಎಲ್ಲ ಕಡೆ ತಿರುಗುತ್ತೆ, ಹೊರಗಿನ ಕೆಲಸಕ್ಕೆ ಬೇಗ ಆಗುತ್ತೆ. ಮೂರು ಹಿಡಿಕೆಯ ಪ್ಯಾನ್ ಟಿಲ್ಟ್ ಹೆಡ್ ಒಂದೊಂದೇ ದಿಕ್ಕಿಗೆ ತಿರುಗುತ್ತೆ, ಮೇಲೆ ಕೆಳಗೆ ಮಾಡುವಾಗ ಅಡ್ಡ ವಾಲಲ್ಲ, ಸ್ಟುಡಿಯೋಗೆ ಅದೇ ಸರಿ. ನಿನ್ನ ದಿನದ ಅನ್ನ ಪಾಸ್‌ಪೋರ್ಟ್ ಫೋಟೋ ಮತ್ತು ಕಾಪಿಯಿಂದ ಬರುವುದಾದರೆ ಮೊದಲು ಪ್ಯಾನ್ ಟಿಲ್ಟ್ ತಗೋ. ಬಾಲ್ ಹೆಡ್ ಮುಂದಿನ ಸೀಸನ್ನಿಗೆ ಇರಲಿ. ಇದಕ್ಕೋಸ್ಕರ ಹೆಡ್ ಬಿಚ್ಚಲು ಬರುವ ಕಾಲೇ ಬೇಕು. ಕಾಲಿನ ಮೇಲ್ತುದಿಯಲ್ಲಿ, ಹೆಡ್ ಕೂರುವ ಕಡೆ, 3/8 ಇಂಚಿನ ಸ್ಕ್ರೂ ಇರಬೇಕು. ಕ್ಯಾಮೆರಾ ತಳಕ್ಕೆ ಹೋಗುವುದು 1/4 ಇಂಚಿನದು. ಈ ಎರಡು ಅಳತೆ ಪ್ರಪಂಚದಲ್ಲೆಲ್ಲ ಒಂದೇ, ಬಹುತೇಕ ಯಾವ ಕಂಪನಿಯ ಹೆಡ್ ಆದರೂ ಕೂರುತ್ತೆ. ಕ್ಯಾಮೆರಾ ತಳಕ್ಕೆ ತಿರುಗಿಸಿ ಹೆಡ್ಡಿಗೆ ಸಿಕ್ಕಿಸುವ ಪ್ಲೇಟ್ ಮಾತ್ರ ಆರ್ಕಾ ಸ್ವಿಸ್ ಅಳತೆಯದು ಇರಲಿ, ಅದನ್ನು ಬಹಳ ಕಂಪನಿಗಳು ಬಳಸುತ್ತವೆ. ಕಂಪನಿಯ ಸ್ವಂತ ಅಳತೆಯ ಪ್ಲೇಟ್ ಮದುವೆ ಮನೆಯಲ್ಲಿ ಕಳೆದುಹೋದರೆ ಇಡೀ ಸ್ಟ್ಯಾಂಡ್ ಸುಮ್ನೆ ಕೂರುತ್ತೆ. ನನಗೆ ಹುಮನಾಬಾದಿನ ಒಂದು ಮದುವೆಯಲ್ಲಿ ಹೀಗೇ ಆಯಿತು. ಇಡೀ ರಾತ್ರಿ ಕ್ಯಾಮೆರಾ ಕೈಯಲ್ಲೇ ಹಿಡಿದೆ. ಈಗ ಮೂರು ಪ್ಲೇಟ್ ಇಟ್ಟಿದ್ದೇನೆ, ಒಂದು ಯಾವಾಗಲೂ ಪರ್ಸಿನಲ್ಲಿರುತ್ತೆ.

ದುಡ್ಡನ್ನು ಹೀಗೆ ಹಂಚು: ಒಂಬತ್ತು ಹತ್ತು ಸಾವಿರ ಕಾಲಿಗೆ, ಉಳಿದದ್ದು ಹೆಡ್ಡಿಗೆ.

ಕೊಳ್ಳಲು ಹೋಗುವಾಗ ನಿನ್ನ ಕ್ಯಾಮೆರಾ ಮತ್ತು 70-200 ತಗೊಂಡೇ ಹೋಗು. ಕಾಲು ಪೂರ್ತಿ ಬಿಚ್ಚಿಸು, ಕೋಲು ಕೆಳಗೇ ಇರಲಿ. ಲೆನ್ಸ್ 200ಕ್ಕೆ ಇಟ್ಟು, ಕ್ಯಾಮೆರಾದ ಹಿಂದಿನ ಪರದೆಯಲ್ಲಿ (ಲೈವ್ ವ್ಯೂ) ಹತ್ತು ಪಟ್ಟು ದೊಡ್ಡದು ಮಾಡಿ ಎದುರಿನ ಅಂಗಡಿಯ ಬೋರ್ಡ್ ನೋಡು. ಆಮೇಲೆ ಒಂದು ಕಾಲಿಗೆ ಬೆರಳಿನಿಂದ ಮೆಲ್ಲಗೆ ಹೊಡೆ. ಬೋರ್ಡಿನ ಅಕ್ಷರ ಎಷ್ಟು ಹೊತ್ತು ಕುಣಿಯುತ್ತೆ ಅಂತ ಎಣಿಸು. ಒಂದು ಸೆಕೆಂಡಿನೊಳಗೆ ನಿಂತರೆ ಒಳ್ಳೆಯ ಕಾಲು. ಮೂರು ನಾಲ್ಕು ಸೆಕೆಂಡ್ ಕುಣಿದರೆ ಬೇಡ. ಹೆಡ್ ಬಿಗಿ ಮಾಡಿ ಕೈ ಬಿಡು. ಅಕ್ಷರ ಕೆಳಗೆ ಜಾರಿದರೆ ಆ ಹೆಡ್ಡೂ ಬೇಡ. ಅಂಗಡಿಯವರು ಬೇಸರ ಮಾಡಿಕೊಂಡರೂ ಇಷ್ಟು ಮಾಡಿಯೇ ಕೊಳ್ಳು.

ಇನ್ನು ನಿಲ್ಲಿಸುವ ರೀತಿ. ಮೇಲಿನ ದಪ್ಪ ಮಡಿಕೆ ಮೊದಲು ಬಿಚ್ಚು, ತೆಳ್ಳಗಿನದು ಕೊನೆಗೆ. ಒಂದು ಕಾಲು ಲೆನ್ಸ್ ನೋಡುವ ಕಡೆ ಇರಲಿ, ಉಳಿದ ಎರಡರ ನಡುವೆ ನೀನು ನಿಲ್ಲು. ಆಗ ಭಾರದ ಲೆನ್ಸ್ ಮುಂದೆ ವಾಲಿದರೂ ತಡೆಯಲು ಒಂದು ಕಾಲಿರುತ್ತೆ. ಗಾಳಿ ಇದ್ದರೆ ನಡುವಿನ ಕೊಕ್ಕೆಗೆ ಬ್ಯಾಗ್ ತೂಗು ಹಾಕು, ಆದರೆ ಬ್ಯಾಗಿನ ತಳ ನೆಲಕ್ಕೆ ತಾಗಿರಬೇಕು. ಗಾಳಿಯಲ್ಲಿ ತೂಗಾಡುವ ಬ್ಯಾಗ್ ತಾನೇ ಸ್ಟ್ಯಾಂಡನ್ನು ಅಲುಗಿಸುತ್ತೆ. ಬಟನ್ ಕೈಯಿಂದ ಒತ್ತದೆ ಎರಡು ಸೆಕೆಂಡಿನ ಟೈಮರ್ ಅಥವಾ ರಿಮೋಟ್ ಬಳಸು. ಕನ್ನಡಿ ಇರುವ ಡಿಎಸ್‌ಎಲ್‌ಆರ್ ಆದರೆ ಕನ್ನಡಿಯನ್ನು ಮೊದಲೇ ಮೇಲೆತ್ತಿ ನಿಲ್ಲಿಸುವ ಮಿರರ್ ಲಾಕ್ ಹಾಕು. ಒಂದು ಸೆಕೆಂಡಿನಿಂದ 1/15ರ ನಡುವೆ ಆ ಕನ್ನಡಿ ಬಡಿಯುವ ನಡುಕ ಹೆಚ್ಚು ಕಾಣುತ್ತೆ. ಕೈ ನಡುಕ ತಡೆಯಲು ಲೆನ್ಸಿನಲ್ಲಿರುವ ಸ್ಟೆಬಿಲೈಸರ್ ಆಫ್ ಮಾಡು. ಸ್ಟ್ಯಾಂಡ್ ಮೇಲೆ ಇದ್ದಾಗ ಕೆಲವು ಲೆನ್ಸಿನಲ್ಲಿ ಅದೇ ಅಲುಗಾಟ ತರುತ್ತೆ.

ಮಕ್ಕಳ ಫೋಟೋ ಅಂದೆ. ತೊಟ್ಟಿಲ ಕಾರ್ಯದ ಫೋಟೋ ಮೇಲಿನಿಂದ ತೆಗೆಯಲು ಕೆಲವರು ಅಡ್ಡಗೋಲು ಹಾಕಿ ಕ್ಯಾಮೆರಾವನ್ನು ಮಗುವಿನ ನೆತ್ತಿಯ ಮೇಲೆ ತೂಗಿಸುತ್ತಾರೆ. ಎಂಥ ಗಟ್ಟಿ ಸ್ಟ್ಯಾಂಡ್ ಇದ್ದರೂ ಅದನ್ನು ಮಾಡಬೇಡ. ಕುತ್ತಿಗೆಗೆ ಪಟ್ಟಿ ಹಾಕಿಕೊಂಡು, ಕೈಯಲ್ಲಿ ಹಿಡಿದು, ಕುರ್ಚಿ ಹತ್ತದೆ ನಿಂತು ತೆಗೆ.

ಪ್ರಶ್ನೆ: ನಾವು ಬೀದರಿನವರು. ಮನೆಯವರು ಬಿದ್ರಿ ಕೆಲಸ ಮಾಡುತ್ತಾರೆ, ಮಾರಾಟಕ್ಕೆ ಫೋಟೋ ತೆಗೆಯುವುದು ನಾನು. ಹೂಜಿ, ಹೂದಾನಿ, ತಟ್ಟೆ, ಸಣ್ಣ ಡಬ್ಬಿ. ಫೋಟೋದಲ್ಲಿ ಒಂದೋ ಬೆಳ್ಳಿ ಬೆಳ್ಳಗೆ ಸುಟ್ಟ ಹಾಗಿರುತ್ತೆ, ಇಲ್ಲ ಕಪ್ಪು ಬೂದಿ ಬಣ್ಣ ಆಗುತ್ತೆ. ಎಲ್ಲರೂ ಒಳ್ಳೆ ಲೈಟ್ ತಗೊಳ್ಳಿ ಅಂತಾರೆ. ಮೊದಲು ಲೈಟ್ ಕೊಳ್ಳಲಾ, ಸ್ಟ್ಯಾಂಡ್ ಕೊಳ್ಳಲಾ?

ಉತ್ತರ: ಅಕ್ಕಾ, ಸ್ಟ್ಯಾಂಡ್ ಕೊಳ್ಳಿ. ಲೈಟ್ ನಿಮ್ಮ ಮನೆಯ ಕಿಟಕಿಯಲ್ಲೇ ಇದೆ.

ಬಿದ್ರಿಯ ಕಷ್ಟ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕೋಟೆಯ ಮಣ್ಣು, ನವಸಾಗರ ಹಾಕಿ ಉಜ್ಜಿದಾಗ ಸತುವಿನ ಮೈ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಹೊಳೆಯುತ್ತೆ. ಒಂದೇ ವಸ್ತುವಿನಲ್ಲಿ ಬೆಳಕು ನುಂಗುವ ಕಪ್ಪೂ ಇದೆ, ಎದುರಿಗೆ ಇದ್ದದ್ದನ್ನೆಲ್ಲ ತೋರಿಸುವ ಕನ್ನಡಿಯೂ ಇದೆ. ಬೆಳ್ಳಿಯ ಎಳೆ ಚೆನ್ನಾಗಿ ಕಾಣಬೇಕಾದರೆ ಅದರಲ್ಲಿ ಏನು ಪ್ರತಿಬಿಂಬಿಸಬೇಕು ಅನ್ನುವುದನ್ನು ನೀವೇ ತೀರ್ಮಾನಿಸಬೇಕು. ಅದಕ್ಕೆ ಕ್ಯಾಮೆರಾ ಒಂದೇ ಜಾಗದಲ್ಲಿ ನಿಂತಿರಬೇಕು, ನಿಮ್ಮ ಎರಡೂ ಕೈ ಖಾಲಿ ಇರಬೇಕು. ಕೈಯಲ್ಲಿ ಹಿಡಿದು ತೆಗೆದರೆ ನೀವು ಒಂದು ಇಂಚು ಸರಿದರೂ ಹೊಳಪಿನ ಜಾಗ ಬದಲಾಗುತ್ತೆ, ಯಾವುದು ಸರಿಬಂತು ಅಂತ ಗೊತ್ತೇ ಆಗಲ್ಲ.

ಉತ್ತರದ ಕಡೆ ಕಿಟಕಿ ಇದ್ದರೆ ಅದಕ್ಕೆ ತೆಳು ಬಿಳಿ ಬಟ್ಟೆ ಅಥವಾ ಟ್ರೇಸಿಂಗ್ ಪೇಪರ್ ಕಟ್ಟಿ. ಹೂಜಿಯನ್ನು ಕಿಟಕಿಯಿಂದ ಎರಡು ಅಡಿ ದೂರ ಇಡಿ. ಕ್ಯಾಮೆರಾವನ್ನು ಹೂಜಿಯ ಹೊಟ್ಟೆಯ ಎತ್ತರಕ್ಕೆ ನಿಲ್ಲಿಸಿ. ಐಎಸ್‌ಒ 100, ಅಪರ್ಚರ್ ಎಫ್ 11. ಶಟರ್ ಕಾಲು ಸೆಕೆಂಡೋ ಅರ್ಧ ಸೆಕೆಂಡೋ ಆಗುತ್ತೆ, ಆಗಲಿ. ಹೂಜಿ ಓಡಿಹೋಗಲ್ಲ. ಈಗ ಪರದೆ ನೋಡುತ್ತಾ ಒಂದು ಬಿಳಿ ಡ್ರಾಯಿಂಗ್ ಶೀಟನ್ನು ಇನ್ನೊಂದು ಬದಿಯಿಂದ ಮೆಲ್ಲಗೆ ಹತ್ತಿರ ತನ್ನಿ. ಬೆಳ್ಳಿಯ ಬಳ್ಳಿ ಒಂದೊಂದೇ ಬೆಳಗುತ್ತಾ ಬರುವುದು ಕಾಣುತ್ತೆ. ಕಪ್ಪು ಬೂದಿಯಾಗುತ್ತಿದೆ ಅನಿಸಿದರೆ ಆ ಕಡೆಯಿಂದ ಶೀಟನ್ನು ತೆಗೆದು ಕಪ್ಪು ಬಟ್ಟೆ ಹಿಡಿಯಿರಿ. ಮೊದಲ ದಿನ ಒಂದು ಹೂಜಿಗೆ ಒಂದು ಗಂಟೆ ಹೋಗಬಹುದು. ಆ ಗಂಟೆಯನ್ನು ದಯವಿಟ್ಟು ಕೊಡಿ. ವಾರಗಟ್ಟಲೆ ಕೆತ್ತಿ ಬೆಳ್ಳಿ ಕೂರಿಸಿದ ಕೆಲಸ ಅದು.

ನಿಮಗೆ ಎತ್ತರದ ಸ್ಟ್ಯಾಂಡ್ ಬೇಡ, ಕೆಳಕ್ಕೆ ಇಳಿಯುವ ಸ್ಟ್ಯಾಂಡ್ ಬೇಕು. ಪ್ಯಾನ್ ಟಿಲ್ಟ್ ಹೆಡ್ ಇರಲಿ, ಬಾಲ್ ಹೆಡ್ ಬೇಡ. ತಟ್ಟೆಯನ್ನು ನೇರ ಮೇಲಿನಿಂದ ತೆಗೆಯಲು ನಡುಗೋಲು ಅಡ್ಡಕ್ಕೆ ತಿರುಗುವ ಮಾದರಿ ಸಿಗುತ್ತೆ, ಅದು ಉಪಯೋಗ. ಅಡ್ಡ ಮಾಡಿದಾಗ ಕೋಲಿನ ಹಿಂದಿನ ತುದಿಗೆ ಎರಡು ಕೆಜಿ ಮರಳಿನ ಚೀಲ ಕಟ್ಟಿ, ಒಂದು ಕಾಲು ಕ್ಯಾಮೆರಾದ ಕೆಳಗೇ ಬರುವ ಹಾಗೆ ಇಡಿ. ಕ್ಯಾಮೆರಾ ಇಲ್ಲ, ಮೊಬೈಲೇ ಅಂದರೂ ಇದೇ ಸ್ಟ್ಯಾಂಡಿಗೆ ಮೊಬೈಲ್ ಕ್ಲಿಪ್ ಹಾಕಬಹುದು.

ಪ್ರಶ್ನೆ: ಸರ್, ಕಾಲೇಜು ವಿದ್ಯಾರ್ಥಿ ನಾನು. ಬೀದರಿನ ಮಹಮೂದ್ ಗವಾನ್ ಮದರಸಾದಲ್ಲಿ ಟ್ರೈಪಾಡ್ ಬಿಚ್ಚಿದ ಕೂಡಲೇ ಕಾವಲುಗಾರರು ಬಂದು ಮಡಿಚಿಸಿದರು. ಕೈಯಲ್ಲಿ ತೆಗೆಯಿರಿ, ಸ್ಟ್ಯಾಂಡ್ ಬೇಡ ಅಂದರು. ಇದು ಸರಿಯಾ?

ಉತ್ತರ: ಸರಿ. ಕೇಂದ್ರ ಪುರಾತತ್ವ ಇಲಾಖೆ ಕಾಯುವ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಮೊದಲೇ ಅನುಮತಿ ಪಡೆಯಬೇಕು. ಬೀದರ್ ಕೋಟೆ, ಅಷ್ಟೂರಿನ ಗುಂಬಜ್, ಕಲಬುರಗಿ ಕೋಟೆಯ ಜಾಮಿ ಮಸೀದಿ, ಎಲ್ಲಕ್ಕೂ ಇದೇ. ಅರ್ಜಿ ಕೊಟ್ಟು, ಪತ್ರ ಕೈಯಲ್ಲಿ ಹಿಡಿದು ಹೋಗಿ. ಪತ್ರ ಸಿಕ್ಕರೂ ಮೊನಚು ಕಾಲು ಬೇಡ, ರಬ್ಬರ್ ಕಾಲೇ ಹಾಕಿ. ನೀವು ಹೋದ ಮದರಸಾ 1472ರಲ್ಲಿ ಕಟ್ಟಿದ್ದು, ಅದರ ನೆಲ ಅದು.

ಪತ್ರ ಇಲ್ಲದ ದಿನ ಹೀಗೆ ಮಾಡಿ. 1367ರ ಆ ಜಾಮಿ ಮಸೀದಿಯಲ್ಲಿ ತೆರೆದ ಅಂಗಳ ಇಲ್ಲ. ಇಡೀ ಮಸೀದಿಗೆ ಚಾವಣಿ ಇದೆ, ಬೆಳಕು ಪಕ್ಕದ ಕಮಾನುಗಳಿಂದ ಬರುತ್ತೆ. ಹತ್ತು ಗಂಟೆಯೊಳಗೆ ಹೋದರೆ ಓರೆ ಬಿಸಿಲು ಕಮಾನಿನೊಳಗೆ ಚೆನ್ನಾಗಿ ಇಳಿದಿರುತ್ತೆ. ನೆಲಕ್ಕೆ ಕೂತು, ಮೊಣಕಾಲಿನ ಮೇಲೆ ಮೊಣಕೈ ಊರಿ, ಅರ್ಧ ಉಸಿರು ಬಿಟ್ಟು ತಡೆದು ಒತ್ತಿ. ಒಂದೇ ಸಲಕ್ಕೆ ನಾಲ್ಕೈದು ಫೋಟೋ ಹೋಗುವ ಹಾಗೆ ಇಟ್ಟುಕೊಂಡರೆ ನಡುವಿನದು ಸಾಮಾನ್ಯವಾಗಿ ಚೂಪಾಗಿರುತ್ತೆ. ಗಚ್ಚಿನ ಗೋಡೆಗೆ, ಬಣ್ಣದ ಹೆಂಚಿಗೆ ಮೈ ಒರಗಿಸಬೇಡಿ.

ಪ್ರಶ್ನೆ: ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನು ಏಳು ಫೋಟೋ ಮಾಡಿ ಜೋಡಿಸಿದೆ. ಫೋಟೋಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗಿವೆ. ಕತ್ತರಿಸಿದರೆ ಬುದ್ಧನ ಪಾದವೇ ಹೋಗುತ್ತೆ. ಹೆಡ್ಡಿನ ಮಟ್ಟ ತೋರಿಸುವ ಗುಳ್ಳೆ (ಸ್ಪಿರಿಟ್ ಲೆವೆಲ್) ನೋಡಿಯೇ ಸಮ ಮಾಡಿದ್ದೆ.

ಉತ್ತರ: ನೀವು ಸಮ ಮಾಡಿದ್ದು ಹೆಡ್ಡನ್ನು, ಕಾಲನ್ನಲ್ಲ. ಸಾಮಾನ್ಯ ಬಾಲ್ ಹೆಡ್ ಸುತ್ತುವುದು ಗುಂಡಿನ ಕೆಳಗಿನ ಬುಡದಲ್ಲಿ. ಬುಡ ವಾಲಿದ್ದರೆ ಮೇಲೆ ಎಷ್ಟು ಸಮ ಮಾಡಿದರೂ ತಿರುಗಿಸಿದಂತೆ ಫ್ರೇಮ್ ಏರುತ್ತಾ ಹೋಗುತ್ತೆ. ಕಾಲಿನ ಮೇಲೆಯೇ ಒಂದು ಗುಳ್ಳೆ ಇರುತ್ತೆ. ಕಾಲು ಉದ್ದ ಗಿಡ್ಡ ಮಾಡಿ ಮೊದಲು ಅದನ್ನು ನಡುವಿಗೆ ತನ್ನಿ. ಆಮೇಲೆ ಹೆಡ್. ಒಮ್ಮೆ ಬೆಟ್ಟದ ಈ ತುದಿಯಿಂದ ಆ ತುದಿಗೆ ಸುಮ್ನೆ ತಿರುಗಿಸಿ, ಗುಳ್ಳೆ ಕದಲದಿದ್ದರೆ ಶುರು ಮಾಡಿ.

ಕ್ಯಾಮೆರಾ ಉದ್ದಕ್ಕೆ ನಿಲ್ಲಿಸಿ. ಫೋಟೋ ಸಂಖ್ಯೆ ಹೆಚ್ಚಾಗುತ್ತೆ, ಆದರೆ ಮೇಲೆ ಕೆಳಗೆ ಜಾಗ ಉಳಿದು ಪಾದ ತಪ್ಪಲ್ಲ. ಒಂದರ ಮೇಲೊಂದು ಮೂರನೇ ಒಂದು ಭಾಗ ಸೇರಿರಲಿ. ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರೂ ಮ್ಯಾನುಯಲ್. ಲೆನ್ಸಿನ ಮುಂದೆ ಪೋಲರೈಸರ್ ಫಿಲ್ಟರ್ ಹಾಕಿದ್ದರೆ ತೆಗೆಯಿರಿ, ಇಲ್ಲದಿದ್ದರೆ ಆಕಾಶದ ನೀಲಿ ಪಟ್ಟೆ ಪಟ್ಟೆಯಾಗುತ್ತೆ.

ಪ್ರಶ್ನೆ: ಶರಣಬಸವೇಶ್ವರ ಜಾತ್ರೆಗೆ ಟ್ರೈಪಾಡ್ ತರಬಹುದಾ?

ಉತ್ತರ: ಬೇಡ. ತೇರು ಎಳೆಯುವ ದಿನ ಜನ ಕಾಲ ಕೆಳಗೆ ನೋಡಲ್ಲ, ತೇರು ನೋಡುತ್ತಾರೆ. ಮೂರು ಕಾಲು ಚಾಚಿದರೆ ಮಕ್ಕಳು, ವಯಸ್ಸಾದವರು ಎಡವಿ ಬೀಳುತ್ತಾರೆ. ಒಂಟಿ ಕಾಲಿನ ಮೋನೋಪಾಡ್ ತನ್ನಿ. ಇಲ್ಲವಾದರೆ ಮೊದಲೇ ಕೇಳಿಕೊಂಡು ಯಾರದಾದರೂ ಮಾಳಿಗೆ ಹತ್ತಿ, ಅಲ್ಲಿ ಟ್ರೈಪಾಡ್ ಹಾಕಿ.

ಪ್ರಶ್ನೆ: ಗಾಣಗಾಪುರ ಸಂಗಮದಲ್ಲಿ ಬೆಳಗಿನ ಫೋಟೋ ತೆಗೆದು ಬಂದ ಮೇಲೆ ನನ್ನ ಸ್ಟ್ಯಾಂಡಿನ ತಿರುಪು ಲಾಕ್ ಕರಕರ ಅನ್ನುತ್ತೆ. ಒಂದು ಕಾಲು ತಾನೇ ಜಾರುತ್ತೆ. ಎಣ್ಣೆ ಬಿಡಲಾ?

ಉತ್ತರ: ಎಣ್ಣೆ ಬಿಡಬೇಡಿ. ಒಳಗೆ ಭೀಮಾ ನದಿಯ ಮರಳು ಹೋಗಿದೆ. ಎಣ್ಣೆ ಹಾಕಿದರೆ ಮರಳು ಇನ್ನೂ ಅಂಟಿಕೊಂಡು ಕೊಳವೆ ತೇಯುತ್ತೆ. ಒಂದು ಸಲಕ್ಕೆ ಒಂದೇ ಕಾಲು ಬಿಚ್ಚಿ. ಒಳಗೆ ಪ್ಲಾಸ್ಟಿಕ್ಕಿನ ಸಣ್ಣ ಚಿಪ್ಪುಗಳಿರುತ್ತವೆ, ಯಾವುದು ಯಾವ ಕಡೆ ಇತ್ತು ಅಂತ ಬಿಚ್ಚುವಾಗಲೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಸಿಹಿ ನೀರಿನಲ್ಲಿ ಹಳೆ ಹಲ್ಲುಜ್ಜುವ ಬ್ರಶ್‌ನಿಂದ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ. ತಿರುಪಿನ ಹಲ್ಲಿಗೆ ಮಾತ್ರ ಒಂದು ಚೂರು ಗ್ರೀಸ್ ಸವರಿ ಜೋಡಿಸಿ.

ಮುಂದಿನ ಸಲ ಮರಳಿನಲ್ಲಿ, ನೀರಿನಲ್ಲಿ ನಿಲ್ಲಿಸುವಾಗ ಮಾತ್ರ ಕ್ರಮ ಉಲ್ಟಾ ಮಾಡಿ. ಎಲ್ಲಕ್ಕಿಂತ ಕೆಳಗಿನ ಮಡಿಕೆಯನ್ನು ಮೊದಲು ಪೂರ್ತಿ ಬಿಚ್ಚಿ. ಆಗ ಲಾಕ್ ಮರಳಿನಿಂದ ಒಂದೂವರೆ ಅಡಿ ಮೇಲಿರುತ್ತೆ.

ಪ್ರಶ್ನೆ: ಸರ್, ನಾನು ಸುರಪುರದಲ್ಲಿ ಒಂಬತ್ತನೇ ಕ್ಲಾಸ್. ಅಪ್ಪನ ಕ್ಯಾಮೆರಾದಲ್ಲಿ ಬೋನಾಳ ಕೆರೆಯ ಹಕ್ಕಿ ತೆಗೆಯುತ್ತೇನೆ. ದೊಡ್ಡ ಲೆನ್ಸ್ ಹಾಕಿದರೆ ಕೈ ನಡುಗುತ್ತೆ. ಸ್ಟ್ಯಾಂಡಿಗೆ ದುಡ್ಡಿಲ್ಲ.

ಉತ್ತರ: ಮರಿ, ನಿನಗೆ ಈಗ ಸ್ಟ್ಯಾಂಡ್ ಬೇಡ. ಅಮ್ಮನ ಹತ್ತಿರ ಹಳೆ ಪ್ಯಾಂಟಿನ ಕಾಲು ಕೇಳು. ಒಂದು ತುದಿ ಹೊಲಿಸಿ ಒಂದು ಮೊಳದ ಚೀಲ ಮಾಡಿಸು. ಅದಕ್ಕೆ ಮುಕ್ಕಾಲು ಪಾಲು ಜೋಳ ತುಂಬಿ ಬಾಯಿ ಬಿಗಿಯಾಗಿ ಕಟ್ಟು. ಪೂರ್ತಿ ತುಂಬಬೇಡ, ಲೆನ್ಸ್ ಅದರಲ್ಲಿ ಹುದುಗಿ ಕೂರಬೇಕು. ಮರಳು ಬೇಡ, ಬಟ್ಟೆಯ ಸಂದಿಯಿಂದ ಉದುರಿ ಕ್ಯಾಮೆರಾ ಒಳಗೆ ಹೋಗುತ್ತೆ. ಕೆರೆ ಏರಿಯ ಕಲ್ಲಿನ ಮೇಲೆ ಈ ಚೀಲ ಇಟ್ಟು, ಅದರ ಮೇಲೆ ಲೆನ್ಸ್ ಊರಿ, ಎಡಗೈಯನ್ನು ಲೆನ್ಸಿನ ಮೇಲೆ ಮೆಲ್ಲಗೆ ಇಡು. 300 ಎಂಎಂ ಲೆನ್ಸ್ ಆದರೆ ಶಟರ್ 1/500ಕ್ಕಿಂತ ಕೆಳಗೆ ಇಳಿಸಬೇಡ, ಹಕ್ಕಿಯೂ ಅಲುಗುತ್ತಿರುತ್ತೆ ಅಲ್ವಾ. ಸೂರ್ಯ ಹುಟ್ಟುವ ಮುಂಚೆ ಹೋಗಿ ಕೂತಿರು, ಎದ್ದು ಓಡಾಡಬೇಡ. ನೀನು ಹೊಟ್ಟೆಯ ಮೇಲೆ ಮಲಗಿದಷ್ಟೂ ಹಕ್ಕಿ ಹತ್ತಿರ ಬರುತ್ತೆ, ಫೋಟೋನೂ ಅದರ ಕಣ್ಣಿನ ಮಟ್ಟದಲ್ಲಿ ಬರುತ್ತೆ. ದೊಡ್ಡವರು ಒಬ್ಬರು ಜೊತೆಯಲ್ಲಿರಲಿ. ತೆಗೆದ ಫೋಟೋದಲ್ಲಿ ಒಂದನ್ನು ನನಗೆ ಕಳಿಸು. ಜೋಳಕ್ಕೆ ಇಬ್ಬನಿ ತಗುಲಿದ್ದರೆ ಮನೆಗೆ ಬಂದು ಬಿಸಿಲಿಗೆ ಹರವಿ, ಒಣಗಿದ ಮೇಲೆ ಮತ್ತೆ ತುಂಬು.